ಸಲಹೆ ಕೇಳಿದರೆ ಸಾಲದು, ಉತ್ತರವನ್ನೂ ಕೊಡಿ

ಮಾನ್ಯ ಸಂಪಾದಕರೇ,

ಕಸದ ಬಗ್ಗೆ ನಿಮ್ಮ ಪತ್ರಿಕೆಗೆ ಬರುವ ಪತ್ರಗಳಿಗೆ ಬರವಿಲ್ಲ. ಗಾಡಿ ಬರಲಿಲ್ಲ, ಮೂಲೆಯಲ್ಲಿ ರಾಶಿ ಬಿದ್ದಿದೆ, ನಾಯಿಗಳು ಎಳೆದಾಡುತ್ತಿವೆ, ರಾತ್ರಿ ಯಾರೋ ಬೆಂಕಿ ಹಚ್ಚಿ ಹೋಗುತ್ತಾರೆ. ಇವೆಲ್ಲ ಬರೆಯಲೇಬೇಕಾದ ವಿಷಯಗಳು, ಬರೆಯುವವರು ಬರೆಯುತ್ತಿರಲಿ. ನಾನು ಹೇಳಬೇಕೆಂದಿರುವುದು ಸ್ವಲ್ಪ ಬೇರೆ. ಕಸದ ಗಲಾಟೆ ಕೈಮೀರಿದಾಗ ಆಡಳಿತದವರು ಒಂದು ಮಾತು ಹೇಳುತ್ತಾರೆ ನೋಡಿ, "ನಾಗರಿಕರನ್ನು ಸೇರಿಸಿಕೊಂಡು ಒಂದು ಸಲಹಾ ಸಮಿತಿ ಮಾಡುತ್ತೇವೆ" ಅಂತ. ಮರುದಿನ ಅದು ಸುದ್ದಿಯಾಗುತ್ತದೆ. ಆಮೇಲೆ ಆ ಸಮಿತಿ ಏನು ಹೇಳಿತು, ಹೇಳಿದ್ದನ್ನು ಯಾರಾದರೂ ಕೇಳಿದರಾ, ಕೇಳಿ ಏನು ಮಾಡಿದರು? ಇದರ ಬಗ್ಗೆ ಎಲ್ಲೂ ಒಂದು ಸಾಲು ಬರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಸಮಿತಿಗಳಿಗೆ ತೀರ್ಮಾನ ಮಾಡುವ ಅಧಿಕಾರ ಕೊಡಿ ಎಂದು ನಾನು ಕೇಳುವುದಿಲ್ಲ. ಟೆಂಡರ್ ಯಾರಿಗೆ, ಘಟಕ ಎಲ್ಲಿ, ಶುಲ್ಕ ಎಷ್ಟು ಎನ್ನುವುದನ್ನು ಆರಿಸಿ ಬಂದವರೇ ತೀರ್ಮಾನಿಸಲಿ. ನಾಳೆ ತಪ್ಪಾದರೆ ಜನ ಹಿಡಿದು ಕೇಳಬೇಕಾದ್ದು ಅವರನ್ನೇ ತಾನೇ. ನಾನು ಕೇಳುವುದು ಇದಕ್ಕಿಂತ ತುಂಬಾ ಚಿಕ್ಕದು. ಸಮಿತಿ ಬರೆದು ಕೊಟ್ಟ ಪ್ರತಿ ಸಲಹೆಗೂ ಇಂತಿಷ್ಟು ದಿನದೊಳಗೆ ಎಂದು ಗೊತ್ತುಮಾಡಿ ಬರವಣಿಗೆಯಲ್ಲಿ ಉತ್ತರ ಕೊಡಬೇಕು. ಒಪ್ಪಿದರೆ ಯಾವಾಗ ಮಾಡುತ್ತೀರಿ, ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ, ಇಷ್ಟೇ. ಮತ್ತು ಸಲಹೆ ಕೇಳುವುದು ತೀರ್ಮಾನ ಆಗುವ ಮುಂಚೆ ಆಗಬೇಕು. ಇವೆರಡು ಇದ್ದರೆ ಸಲಹಾ ಸಮಿತಿಗೆ ಜೀವ ಇರುತ್ತದೆ. ಇಲ್ಲದಿದ್ದರೆ ಅದು ಚಹಾ ಕುಡಿಯುವ ಸಭೆ.

ಇಂಥ ಸಭೆಗಳಲ್ಲಿ ನಾನೂ ಕೂತಿದ್ದೇನೆ, ಅದಕ್ಕೇ ಇಷ್ಟು ಖಾರವಾಗಿ ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಹೀಗಾಗುತ್ತದೆ. ಗುತ್ತಿಗೆ ಸಹಿ ಆಗಿರುತ್ತದೆ, ಗಾಡಿಗಳ ಸಂಖ್ಯೆ ಗೊತ್ತಾಗಿರುತ್ತದೆ, ಜಾಗ ಗುರುತಿಸಿ ಬೇಲಿ ಹಾಕಿರುತ್ತಾರೆ, ಅದೆಲ್ಲ ಮುಗಿದ ಮೇಲೆ ನಮ್ಮನ್ನು ಕರೆದು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ "ನಿಮ್ಮ ಸಲಹೆ ಹೇಳಿ" ಅನ್ನುತ್ತಾರೆ. ಆಗ ಹೇಳುವುದಕ್ಕೆ ಉಳಿದಿರುವುದೇನು? ಕಸದ ಡಬ್ಬಿಯ ಬಣ್ಣ! ಯಾರಾದರೂ ಗುತ್ತಿಗೆಯ ಷರತ್ತುಗಳ ಬಗ್ಗೆ ಕೇಳಿದರೆ ಅದು ಇವತ್ತಿನ ಕಾರ್ಯಸೂಚಿಯಲ್ಲಿ ಇಲ್ಲ ಎಂಬ ಉತ್ತರ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ ಎಂದರೆ ಮುಂದಿನ ಸಭೆ ಯಾವಾಗ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ರೂಢಿ ಇದೆ, ಅದು ನನಗೆ ಇದಕ್ಕಿಂತಲೂ ಬೇಸರ ತರುತ್ತದೆ. ಸಲಹಾ ಸಮಿತಿಯನ್ನು ನಿಧಾನಕ್ಕೆ ಜಾಗೃತಿ ಸಮಿತಿ ಮಾಡಿಬಿಡುತ್ತಾರೆ. ನೀವು ಮನೆಮನೆಗೆ ಹೋಗಿ ಹಸಿ ಕಸ, ಒಣ ಕಸ ಬೇರೆ ಮಾಡಲು ಹೇಳಿ, ಶಾಲೆಗಳಲ್ಲಿ ಮಾತಾಡಿ, ಪ್ರತಿಜ್ಞೆ ಮಾಡಿಸಿ, ಕರಪತ್ರ ಹಂಚಿ. ಕೆಲಸ ಒಳ್ಳೆಯದೇ, ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಆದರೆ ಗಮನಿಸಿ, ಅಲ್ಲಿಗೆ ದಿಕ್ಕೇ ತಿರುಗಿಹೋಯಿತು. ಜನರ ಮಾತನ್ನು ಆಡಳಿತಕ್ಕೆ ಮುಟ್ಟಿಸಬೇಕಾದವರು ಆಡಳಿತದ ಮಾತನ್ನು ಜನರಿಗೆ ಮುಟ್ಟಿಸುವವರಾದರು. ಬೇರೆ ಮಾಡಿ ಕೊಟ್ಟ ಕಸವನ್ನು ಮತ್ತೆ ಒಂದೇ ಗಾಡಿಗೆ ಸುರಿಯುತ್ತಾರೆ ಎಂದು ಮನೆಯವರು ಬೈದರೆ ಬೈಗುಳ ಕೇಳುವವರೂ ಇವರೇ.

ಈ ಕಾಯಿಲೆ ಹಳೆಯದು. ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ ಎಂಬುವರು 1969ರಲ್ಲೇ ನಾಗರಿಕರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿ ಒಂದು ಲೇಖನ ಬರೆದರು. ಅದರಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಅವರು ಕೂರಿಸಿದ್ದು ಇಂಥ ಸಲಹಾ ಸಮಿತಿಗಳನ್ನೇ. ಮೇಲಿನವರು ಮೊದಲೇ ಮಾಡಿದ ತೀರ್ಮಾನಕ್ಕೆ ಮೊಹರು ಒತ್ತಲು, ಸದಸ್ಯರಿಗೇ ಪಾಠ ಹೇಳಲು ಕಟ್ಟಿದ ಸಮಿತಿಗಳು. ಐವತ್ತು ವರ್ಷ ದಾಟಿದೆ. ಓದಿದರೆ ಮೊನ್ನೆಯ ಸಭೆ ನೋಡಿ ಬರೆದ ಹಾಗಿದೆ.

ಹಾಗಾದರೆ ಇಂಥ ಸಮಿತಿ ಬೇಕೇ? ಎಂಜಿನಿಯರುಗಳಿದ್ದಾರೆ, ಆರೋಗ್ಯ ನಿರೀಕ್ಷಕರಿದ್ದಾರೆ, ಸಲಹೆಗೆ ದುಬಾರಿ ಕನ್ಸಲ್ಟೆಂಟುಗಳಿದ್ದಾರೆ, ಇವರ ಮಧ್ಯೆ ನಮಗೇನು ಕೆಲಸ? ಕೆಲಸ ಇದೆ. ಕಸ ನೀರಿನ ಪೈಪಿನ ಹಾಗಲ್ಲ, ಒಮ್ಮೆ ಹಾಕಿ ಮರೆಯುವುದಕ್ಕೆ ಆಗುವುದಿಲ್ಲ. ಪ್ರತಿ ಮನೆಯ ಪ್ರತಿದಿನದ ಅಭ್ಯಾಸದ ಮೇಲೆ ಅದು ನಿಂತಿದೆ. ಬೆಳಿಗ್ಗೆ ಗಾಡಿ ಬರುವ ಹೊತ್ತಿಗೆ ಯಾರ ಮನೆಗೆ ಬೀಗ ಬಿದ್ದಿರುತ್ತದೆ, ರಾತ್ರಿ ಪಾಳಿ ಮುಗಿಸಿ ಮಲಗಿದವರು ಎಷ್ಟು ಜನ, ಯಾವ ಓಣಿಗೆ ಆಟೊ ಟಿಪ್ಪರ್ ನುಗ್ಗುವುದಿಲ್ಲ, ಒಂದು ಕೋಣೆಯ ಮನೆಯಲ್ಲಿ ಐದು ಜನ ಇರುವಾಗ ಮೂರು ಡಬ್ಬಿ ಇಡಲು ಜಾಗ ಎಲ್ಲಿ? ಇವು ಕಚೇರಿಯ ನಕ್ಷೆಯಲ್ಲಿ ಕಾಣುವುದಿಲ್ಲ. ಮೂಲೆಯಲ್ಲಿ ರಾಶಿ ಬೀಳುವ ಜಾಗಗಳನ್ನೇ ತೆಗೆದುಕೊಳ್ಳಿ. ಜನರಿಗೆ ಬುದ್ಧಿ ಇಲ್ಲ ಎಂದು ಬೋರ್ಡು ಹಾಕುತ್ತಾರೆ, ದಂಡ ಎನ್ನುತ್ತಾರೆ, ರಂಗೋಲಿ ಬಿಡಿಸುತ್ತಾರೆ. ಗಾಡಿ ತಪ್ಪಿಸಿಕೊಂಡ ಮನೆಗಳ ಕಸ ಸಂಜೆ ಎಲ್ಲಿಗೆ ಹೋಗಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ಕೇಳಲು ಆ ಬೀದಿಯವರೇ ಬೇಕು.

ಇದು ಬೀದಿ ಮಟ್ಟದ ವಿಷಯವಾಯಿತು. ಹಣದ ವಿಷಯದಲ್ಲಿ ಹೊರಗಿನ ಕಣ್ಣು ಇನ್ನೂ ಜಾಸ್ತಿ ಬೇಕು. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಅಸಲು ಕಥೆ ಇಲ್ಲೇ ಇದೆ.

ಕಸದ ಗುತ್ತಿಗೆದಾರರಿಗೆ ಹಣ ಕೊಡುವುದು ಹೇಗೆ? ಟನ್ನಿಗೆ ಇಷ್ಟು ಎಂದು ಕೊಟ್ಟರೆ ಅವರಿಗೆ ತೂಕ ಜಾಸ್ತಿಯಾದಷ್ಟೂ ಲಾಭ. ಆಗ ಕಸ ಕಡಿಮೆಯಾಗುವುದು, ಹಸಿ ಕಸ ಅಲ್ಲೇ ಗೊಬ್ಬರವಾಗುವುದು, ರಟ್ಟು ಪ್ಲಾಸ್ಟಿಕ್ ಬೇರೆಯಾಗಿ ಮಾರಾಟಕ್ಕೆ ಹೋಗುವುದು, ಇವೆಲ್ಲ ಅವರಿಗೆ ನಷ್ಟ. ಮಳೆ ಬಂದಾಗ ಮುಚ್ಚದ ಗಾಡಿಯಲ್ಲಿ ಕಸ ನೆಂದರೆ ನೀರಿಗೂ ನಾವೇ ಹಣ ಕೊಟ್ಟ ಹಾಗೆ. ಕಟ್ಟಡದ ಅವಶೇಷ ಬೆರೆಸಿದರಂತೂ ಕೇಳುವುದೇ ಬೇಡ, ತೂಕ ಸಲೀಸಾಗಿ ಏರುತ್ತದೆ. ಸರಿ, ಮನೆಗೆ ಇಷ್ಟು ಎಂದು ಕೊಡೋಣ ಎಂದರೆ ಇನ್ನೊಂದು ತೊಂದರೆ. ಈಗ ಮನೆಗೆ ಹೋಗದಿದ್ದರೂ ಹಣ ಬರುತ್ತದೆ, ಕಷ್ಟದ ಓಣಿಗಳನ್ನು ಬಿಟ್ಟುಬಿಡುವುದು ಲಾಭ. ಯಾವ ಪದ್ಧತಿ ಇಟ್ಟರೂ ಅದರ ಸಂದು ಎಲ್ಲಿದೆ ಎಂದು ನೋಡುತ್ತಿರಬೇಕು. ಟನ್ ಲೆಕ್ಕವಾದರೆ ತೂಕದ ಚೀಟಿ ನೋಡಬೇಕು. ಮನೆ ಲೆಕ್ಕವಾದರೆ ಬಿಟ್ಟುಹೋದ ಮನೆಗಳ ಪಟ್ಟಿ ನೋಡಬೇಕು.

ಅದಕ್ಕೇ ನಾನು ಯಾವ ಸಲಹಾ ಸಮಿತಿಗೂ ಹೇಳುವ ಮಾತು, ಮೊದಲ ಸಭೆಯಲ್ಲೇ ವೇ ಬ್ರಿಡ್ಜಿನ, ಅಂದರೆ ಗಾಡಿ ತೂಗುವ ಕಾಟಾದ, ಲೆಕ್ಕ ಕೇಳಿ. ದಿನಕ್ಕೆ ಎಷ್ಟು ಗಾಡಿ, ಖಾಲಿ ಗಾಡಿಯ ತೂಕ ಎಷ್ಟು, ತುಂಬಿದ್ದು ಎಷ್ಟು, ಎಷ್ಟು ಹೊತ್ತಿಗೆ ಬಂತು. ದೊಡ್ಡ ವಿದ್ಯೆ ಏನೂ ಬೇಡ. ಹಬ್ಬದ ಮರುದಿನ ಕಸ ಏರಬೇಕು, ರಜೆಯಲ್ಲಿ ಕಚೇರಿಗಳಿರುವ ಭಾಗದಲ್ಲಿ ಇಳಿಯಬೇಕು, ಮಳೆಗಾಲದಲ್ಲಿ ತೂಕ ಏರುತ್ತದೆ. ವರ್ಷವಿಡೀ ಒಂದೇ ಅಂಕಿ ಬರುತ್ತಿದ್ದರೆ ಯಾರೋ ತೂಕ ಹಾಕದೆ ಬರೆಯುತ್ತಿದ್ದಾರೆ ಎಂದೇ ಅರ್ಥ. ಸಂಸಾರದ ಲೆಕ್ಕ ನೋಡುವ ಯಾರಿಗಾದರೂ ಇದು ಕಣ್ಣಿಗೆ ಬೀಳುತ್ತದೆ. ಆದರೆ ಈ ಹಾಳೆ ಕೇಳಿದ ತಕ್ಷಣ ಸಭೆಯ ವಾತಾವರಣ ಬದಲಾಗುವುದನ್ನು ನೋಡಬೇಕು ನೀವು! ಜಾಗೃತಿಯ ಮಾತಾಡುವ ತನಕ ಎಲ್ಲರೂ ನಗುಮುಖ. ತೂಕದ ಮಾತು ಬಂದರೆ ಅದು ಬೇರೆ ವಿಭಾಗಕ್ಕೆ ಸೇರಿದ್ದು.

ದೊಡ್ಡ ಯೋಜನೆಗಳಲ್ಲಿ ಇದೇ ತಪ್ಪು ಊರನ್ನೇ ಮುಳುಗಿಸಬಹುದು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್ ತನ್ನ ಕಸ ಸುಡುವ ಘಟಕವನ್ನು ಸರಿಪಡಿಸಲು ಸಾಲದ ಮೇಲೆ ಸಾಲ ಮಾಡಿ, ಅದು ಸುಮಾರು 30 ಕೋಟಿ ಡಾಲರ್‌ಗೆ ಏರಿ, 2011ರಲ್ಲಿ ನಗರಸಭೆಯೇ ದಿವಾಳಿ ಅರ್ಜಿ ಹಾಕುವ ಸ್ಥಿತಿಗೆ ಬಂತು. ನ್ಯಾಯಾಲಯ ಆ ಅರ್ಜಿಯನ್ನು ತಳ್ಳಿಹಾಕಿತು, ಅದು ಬೇರೆ ವಿಷಯ. ಕೊನೆಗೆ ಘಟಕವನ್ನೇ ಮಾರಬೇಕಾಯಿತು. ಸುಡುವ ಘಟಕಗಳ ಗುತ್ತಿಗೆ ಸಾಮಾನ್ಯವಾಗಿ ಇಪ್ಪತ್ತು ವರ್ಷ ಮೇಲ್ಪಟ್ಟು ಇರುತ್ತದೆ. ದಿನಕ್ಕೆ ಇಷ್ಟು ಟನ್ ಕಸ ಕೊಡಲೇಬೇಕು, ಕೊಡದಿದ್ದರೂ ಹಣ ಕಟ್ಟಬೇಕು ಎಂಬ ಷರತ್ತು ಹಲವು ಗುತ್ತಿಗೆಗಳಲ್ಲಿ ಇರುತ್ತದೆ. ಒಂದು ಕಡೆ ಕಸ ಕಡಿಮೆ ಮಾಡಿ ಎಂದು ಜನರಿಗೆ ಹೇಳುವುದು, ಇನ್ನೊಂದು ಕಡೆ ಕಸ ಕಡಿಮೆಯಾದರೆ ದಂಡ ಕಟ್ಟುತ್ತೇವೆ ಎಂದು ಸಹಿ ಹಾಕುವುದು. ಹಸಿ ಕಸ ಅರ್ಧಕ್ಕಿಂತ ಜಾಸ್ತಿ ಇರುವ ಕಡೆ ಅದು ಸರಿಯಾಗಿ ಉರಿಯುವುದೂ ಇಲ್ಲ. ಇಂಥ ಕಾಗದವನ್ನು ಸಹಿ ಆಗುವ ಮುಂಚೆ ಹೊರಗಿನ ಒಂಬತ್ತು ಜನ ಓದಿ, "ಸ್ವಾಮಿ, ಈ ಸಾಲು ಏನು?" ಎಂದು ಕೇಳಿದರೆ ಯಾರಿಗೆ ನಷ್ಟ?

ಒಂಬತ್ತು ಎಂದು ಸುಮ್ನೆ ಹೇಳಲಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾನೂನಿನಲ್ಲಿ ಪ್ರತಿ ಕೌಂಟಿಗೂ, ಅಂದರೆ ಅಲ್ಲಿನ ಜಿಲ್ಲೆಗೂ, ಘನತ್ಯಾಜ್ಯ ಸಲಹಾ ಸಮಿತಿ ಇರಲೇಬೇಕು, ಅದರಲ್ಲಿ ಕನಿಷ್ಠ ಒಂಬತ್ತು ಜನ ಇರಬೇಕು. ನಾಗರಿಕರು, ಸಂಘಟನೆಗಳು, ವ್ಯಾಪಾರಿಗಳು, ಕಸದ ಉದ್ಯಮದವರು, ಚುನಾಯಿತರು ಎಲ್ಲರೂ ಇರಬೇಕು. ಕಸಕ್ಕೆ ಸಂಬಂಧಪಟ್ಟ ನಿಯಮಗಳನ್ನು, ನೀತಿಗಳನ್ನು ಅವು ಅಂಗೀಕಾರ ಆಗುವ ಮುಂಚೆ ಈ ಸಮಿತಿ ನೋಡಿ ಅಭಿಪ್ರಾಯ ಹೇಳಬೇಕು ಎಂದು ಕಾನೂನೇ ಹೇಳುತ್ತದೆ. ಮುಂಚೆ ಎಂಬುದು ಕಾನೂನಿನಲ್ಲೇ ಇರುವುದರಿಂದ ಅಧಿಕಾರಿಯ ಒಳ್ಳೆಯತನಕ್ಕೆ ಕಾಯಬೇಕಿಲ್ಲ.

ಇನ್ನು ಸಮಿತಿಯಲ್ಲಿ ಯಾರು ಕೂರಬೇಕು ಎಂಬ ಪ್ರಶ್ನೆ. ಸಾಮಾನ್ಯವಾಗಿ ಯಾರು ಸಿಗುತ್ತಾರೆ ಹೇಳಿ? ನಿವೃತ್ತರು, ಬಡಾವಣೆ ಸಂಘದ ಅಧ್ಯಕ್ಷರು, ಇಂಗ್ಲಿಷಿನಲ್ಲಿ ಇಮೇಲ್ ಬರೆಯಬಲ್ಲವರು, ಮಧ್ಯಾಹ್ನ ಮೂರಕ್ಕೆ ಸಭೆ ಎಂದರೆ ಬರಬಲ್ಲವರು. ಅವರನ್ನು ನಾನು ಹಂಗಿಸುತ್ತಿಲ್ಲ. ಎಷ್ಟೋ ಕಡೆ ಕೆಲಸ ನಡೆದಿರುವುದೇ ಅವರಿಂದ. ಆದರೆ ಅವರು ನೋಡುವುದು ಕಸ ಮನೆಯಿಂದ ಹೊರಡುವ ತುದಿಯನ್ನು. ಕಸ ಹೋಗಿ ಬೀಳುವ ತುದಿಯಲ್ಲಿ ಇರುವವರು ಆ ಮೇಜಿನ ಹತ್ತಿರ ಇರುವುದೇ ಇಲ್ಲ.

ಟೋಕಿಯೋದಲ್ಲಿ ಇದೇ ವಿಷಯಕ್ಕೆ ದೊಡ್ಡ ರಂಪ ಆಗಿತ್ತು. ನಗರದ ಕಸವೆಲ್ಲ ಕೋಟೊ ಎಂಬ ವಾರ್ಡಿನ ಕಡೆಗೆ ಹೋಗಿ ಬೀಳುತ್ತಿತ್ತು. ನೊಣ, ವಾಸನೆ, ಲಾರಿಗಳ ಸಾಲು ಎಲ್ಲವೂ ಅವರ ಪಾಲಿಗೆ. ಪ್ರತಿ ವಾರ್ಡಿನ ಕಸ ಆ ವಾರ್ಡಿನಲ್ಲೇ ಸುಡಬೇಕು ಎಂಬ ಮಾತು ಬಂದಾಗ, ಅನುಕೂಲಸ್ಥರು ಜಾಸ್ತಿ ಇದ್ದ ಸುಗಿನಾಮಿ ವಾರ್ಡಿನಲ್ಲಿ ಘಟಕ ಬೇಡ ಎಂದು ವಿರೋಧ ಎದ್ದಿತು. 1971ರಲ್ಲಿ ಟೋಕಿಯೋ ಗವರ್ನರ್ ಮಿನೊಬೆ ರ್‍ಯೋಕಿಚಿ ಅವರು ಇದನ್ನು ಕಸದ ಯುದ್ಧ ಎಂದೇ ಘೋಷಿಸಿದರು. 1973ರಲ್ಲಿ ಕೋಟೊದವರು ಸುಗಿನಾಮಿಯ ಕಸದ ಲಾರಿಗಳನ್ನು ರಸ್ತೆಯಲ್ಲೇ ತಡೆದರು. ಆಮೇಲೆ ಮಾತುಕತೆಯಾಗಿ ಸುಗಿನಾಮಿಯಲ್ಲಿ ಘಟಕ ಬಂತು. ಲಾರಿ ತಡೆದ ಮೇಲೆ ಕೂತು ಮಾತಾಡಿದ್ದನ್ನು ಮೊದಲೇ ಮಾತಾಡಬಹುದಿತ್ತು ಅಲ್ವಾ?

ಮೊದಲೇ ಮಾತಾಡಿದ ಊರೂ ಅಲ್ಲೇ ಪಕ್ಕದಲ್ಲಿದೆ. ಟೋಕಿಯೋಗೆ ಅಂಟಿಕೊಂಡ ಮುಸಾಶಿನೊ ನಗರದಲ್ಲಿ ಕಸ ಸುಡುವ ಘಟಕದ ಜಾಗ ಆರಿಸುವ ಚರ್ಚೆಯನ್ನೇ ನಾಗರಿಕರ ಸಮಿತಿಗೆ ಒಪ್ಪಿಸಿದರು. ಘಟಕ ಬರಬಹುದಾದ ಜಾಗಗಳ ಅಕ್ಕಪಕ್ಕದವರೂ ಅದರಲ್ಲಿ ಇದ್ದರು. ಕೊನೆಗೆ ಅದು ಬಂದದ್ದು ಎಲ್ಲಿ ಗೊತ್ತೇ, ನಗರಾಡಳಿತದ ಕಚೇರಿಯ ಪಕ್ಕದಲ್ಲೇ! 1984ರಲ್ಲಿ ಘಟಕ ಶುರುವಾಯಿತು. ಅದು ಹಳತಾದಾಗ ಅಲ್ಲೇ ಹೊಸದನ್ನು ಕಟ್ಟಿ 2017ರಲ್ಲಿ ಶುರುಮಾಡಿದರು. ಹೊಗೆ ಬಂದರೆ ಮೊದಲು ಮೂಗಿಗೆ ಬಡಿಯುವುದು ನಗರಾಡಳಿತದ ನೌಕರರಿಗೆ. ಇಂಥ ತೀರ್ಮಾನ ಮುಚ್ಚಿದ ಕೋಣೆಯ ಸಭೆಯಿಂದ ಬರುತ್ತಿತ್ತು ಎಂದು ನನಗೆ ಅನಿಸುವುದಿಲ್ಲ.

ಕಸ ಬೀಳುವ ತುದಿಯವರನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ತುಂಬಾ ದೂರ ಹೋಗಬೇಕಿಲ್ಲ. ಬೆಂಗಳೂರಿನ ಕಸ ಹೊತ್ತ ಮಂಡೂರಿನ ಜನ ರಸ್ತೆಗಿಳಿದು, ಕೊನೆಗೆ 2014ರಲ್ಲಿ ಅಲ್ಲಿಗೆ ಕಸ ಹಾಕುವುದು ನಿಂತಿತು. ಶ್ರೀಲಂಕಾದ ಕೊಲಂಬೊ ಹತ್ತಿರದ ಮೀತೊಟಮುಲ್ಲದಲ್ಲಿ ಸುತ್ತಲಿನವರು ವರ್ಷಗಟ್ಟಲೆ ಪ್ರತಿಭಟಿಸಿದರೂ ರಾಶಿ ಬೆಳೆಯುತ್ತಲೇ ಹೋಯಿತು. 2017ರ ಏಪ್ರಿಲ್‌ನಲ್ಲಿ ಅದು ಮನೆಗಳ ಮೇಲೆ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ರಾಶಿ ಬಿರುಕು ಬಿಟ್ಟಿದೆ, ಬಾವಿ ನೀರಿನ ಬಣ್ಣ ಬದಲಾಗಿದೆ, ರಾತ್ರಿ ಹೊಗೆ ಏಳುತ್ತಿದೆ ಎಂದು ಮೊದಲು ಗೊತ್ತಾಗುವುದು ಪಕ್ಕದಲ್ಲಿ ಮಲಗುವವರಿಗೆ. ಅವರಿಗೆ ಸಲಹಾ ಸಮಿತಿಯಲ್ಲಿ ಕುರ್ಚಿ ಇಲ್ಲ ಎಂದರೆ ಆ ಸಮಿತಿ ಕಸದ ಅರ್ಧ ಭಾಗವನ್ನಷ್ಟೇ ನೋಡುತ್ತಿದೆ.

ಇನ್ನೊಂದು ಕುರ್ಚಿ ಕೆಲಸ ಮಾಡುವವರಿಗೆ. ಪೌರಕಾರ್ಮಿಕರು, ಗಾಡಿ ಓಡಿಸುವವರು, ಚಿಂದಿ ಆಯುವವರು. ಯಾವ ಪ್ಲಾಸ್ಟಿಕ್‌ಗೆ ಗುಜರಿಯಲ್ಲಿ ಬೆಲೆ ಇದೆ, ಯಾವುದನ್ನು ಯಾರೂ ಮುಟ್ಟುವುದಿಲ್ಲ, ಯಾವ ಬೀದಿಯವರು ಗಾಜಿನ ಚೂರನ್ನು ಹಸಿ ಕಸಕ್ಕೆ ಹಾಕುತ್ತಾರೆ ಎಂಬುದು ಅವರ ಕೈಗೆ ಗೊತ್ತು. ಪುಣೆಯಲ್ಲಿ ಕಸ ಆಯುವವರು 1993ರಲ್ಲಿ ಸಂಘಟನೆ ಕಟ್ಟಿಕೊಂಡರು. ಅದರಿಂದಲೇ ಮುಂದೆ ಸ್ವಚ್ಛ್ ಎಂಬ ಸಹಕಾರ ಸಂಘ ಹುಟ್ಟಿ, ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ಕಸ ಪಡೆಯುವ ಕೆಲಸಕ್ಕೆ ಇಳಿಯಿತು. ಫ್ರಾನ್ಸಿನಲ್ಲಿ ಕಸದ ಘಟಕಗಳಿಗೆ ನಿಗಾ ಸಮಿತಿ ಮಾಡುವಾಗ ಸದಸ್ಯರನ್ನು ಐದು ಗುಂಪಾಗಿ ತೆಗೆದುಕೊಳ್ಳುತ್ತಾರೆ. ಸರ್ಕಾರದವರು, ಸ್ಥಳೀಯ ಚುನಾಯಿತರು, ಅಕ್ಕಪಕ್ಕದ ನಿವಾಸಿಗಳು ಅಥವಾ ಪರಿಸರ ಸಂಘಟನೆಯವರು, ಘಟಕ ನಡೆಸುವ ಕಂಪನಿಯವರು, ಅದರ ಜೊತೆಗೆ ಆ ಘಟಕದ ನೌಕರರು. ಮಾಲೀಕನಿಗೂ ನೌಕರನಿಗೂ ಬೇರೆ ಬೇರೆ ಜಾಗ. ಇದು ನನಗೆ ಬಹಳ ಹಿಡಿಸಿತು.

ಆದರೆ ಕುರ್ಚಿ ಹಾಕಿದ ಮಾತ್ರಕ್ಕೆ ಮಾತು ಹೊರಡುವುದಿಲ್ಲ. ಎದುರಿಗೆ ಗುತ್ತಿಗೆದಾರ ಕೂತಿರುವಾಗ ದಿನಗೂಲಿಯ ಹೆಂಗಸು ಕೈಗವಸು ಕೊಟ್ಟಿಲ್ಲ ಎಂದು ಹೇಳುತ್ತಾಳಾ? ನಾಳೆ ಕೆಲಸ ಇರಬೇಕಲ್ಲ. ಅವರ ಜೊತೆ ಬೇರೆಯಾಗಿ ಕೂತು ಕೇಳಬೇಕು, ಹೆಸರು ಬರೆಯದೆ ವಿಷಯ ಮಾತ್ರ ನಡಾವಳಿಯಲ್ಲಿ ಬರೆಯಬೇಕು. ಸಭೆಗೆ ಬಂದ ಹೊತ್ತಿನ ಕೂಲಿ ಕಟ್ ಆಗಬಾರದು. ಇದು ಸಣ್ಣ ವಿಷಯದ ಹಾಗೆ ಕಾಣುತ್ತದೆ, ಆದರೆ ಕೂಲಿ ಬಿಟ್ಟು ಸಲಹೆ ಕೊಡಲು ಬನ್ನಿ ಎನ್ನುವುದು ಸಂಬಳದ ಮೇಲೆ ಸಭೆಗೆ ಬರುವವರು ಮಾತ್ರ ಆಡಬಲ್ಲ ಮಾತು.

ಪರಿಣತರ ವಿಷಯಕ್ಕೆ ಬರೋಣ. ನೀರಿನ ಪರೀಕ್ಷೆಯ ವರದಿ ಬಂತು, ಎಲ್ಲ ಮಿತಿಯೊಳಗೇ ಇದೆ ಎಂದು ಅಧಿಕಾರಿ ಓದುತ್ತಾರೆ. ಮಾದರಿ ಎಲ್ಲಿಂದ ತೆಗೆದರು, ಕಸದಿಂದ ಬಸಿಯುವ ಕಪ್ಪು ನೀರು ಹರಿಯುವ ಕಡೆಯ ಬಾವಿಯಿಂದಲೋ, ಮೇಲಿನ ಕಡೆಯ ಬಾವಿಯಿಂದಲೋ? ಸಾಮಾನ್ಯ ಸದಸ್ಯರಿಗೆ ಈ ಪ್ರಶ್ನೆ ಹೊಳೆಯದೇ ಇರಬಹುದು. ಹಾಗಾಗಿ ಸಮಿತಿಗೆ ತನ್ನದೇ ಆಯ್ಕೆಯ ತಜ್ಞರನ್ನು ಕರೆಯಲು ಒಂದಿಷ್ಟು ಹಣ ಇರಬೇಕು. ಅಮೆರಿಕದ ನಾರ್ತ್ ಕೆರೊಲಿನಾದ ವಾರೆನ್ ಕೌಂಟಿಯಲ್ಲಿ 1982ರಲ್ಲಿ ಪಿಸಿಬಿ ಎಂಬ ವಿಷ ಬೆರೆತ ಮಣ್ಣನ್ನು ಹೂಳಲು ಹೊರಟಾಗ, ಬಹುಪಾಲು ಕಪ್ಪು ಜನರಿದ್ದ ಆ ಊರಿನವರು ರಸ್ತೆಗೆ ಅಡ್ಡ ಮಲಗಿದರು. ಐನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಆದರೂ ಮಣ್ಣು ಅಲ್ಲೇ ಬಿತ್ತು. ಹತ್ತು ವರ್ಷದ ಮೇಲೆ ಆ ಗುಂಡಿಯಲ್ಲಿ ನೀರು ತುಂಬಿದೆ ಎಂದು ರಾಜ್ಯ ಸರ್ಕಾರವೇ ಹೇಳಿತು. ಆಗ ಊರಿನವರೂ ಸರ್ಕಾರದವರೂ ಸೇರಿದ ಒಂದು ತಂಡವಾಯಿತು. ಆ ತಂಡಕ್ಕೆ ಸರ್ಕಾರದ ತಜ್ಞರ ಹೊರತಾಗಿ ತನ್ನದೇ ವಿಜ್ಞಾನಿಗಳು ಇದ್ದರು. ಒತ್ತಾಯ ಬಿಡದೆ ಹಿಡಿದು, ಕೊನೆಗೆ 2000ದ ದಶಕದ ಆರಂಭದಲ್ಲಿ ಆ ಮಣ್ಣನ್ನು ಶುದ್ಧ ಮಾಡಿಸಿದರು. ಸ್ವಂತ ತಜ್ಞರು ಇಲ್ಲದಿದ್ದರೆ ಸರ್ಕಾರ ಓದಿದ ವರದಿ ಕೇಳಿಕೊಂಡು ಮನೆಗೆ ಬರಬೇಕಿತ್ತು.

ಈಗ ಅಧಿಕಾರಿಗಳ ಕಡೆಯ ಮಾತನ್ನೂ ಹೇಳಬೇಕು. ಅವರ ದೂರುಗಳಲ್ಲಿ ನಿಜ ಇದೆ. ಸಮಿತಿಗಳಿಂದ ಕೆಲಸ ನಿಧಾನವಾಗುತ್ತದೆ ಎನ್ನುತ್ತಾರೆ, ಹೌದು ಆಗುತ್ತದೆ. ಎಲ್ಲರೂ ಘಟಕ ಬೇಕು ಎನ್ನುತ್ತಾರೆ, ನಮ್ಮ ಹತ್ತಿರ ಬೇಡ ಎನ್ನುತ್ತಾರೆ. ಅದೂ ಹೌದು, ಸಲಹಾ ಸಮಿತಿ ಎಂದರೆ ಬರೀ ಬೇಡ ಎನ್ನುವ ಸಮಿತಿ ಎಂದು ತಿಳಿದವರನ್ನು ನಾನು ನೋಡಿದ್ದೇನೆ. ಕೆಲವರು ಮುಂದಿನ ಚುನಾವಣೆಗೆ ಮೆಟ್ಟಿಲು ಎಂದೇ ಬಂದು ಕೂರುತ್ತಾರೆ. ಗೊಬ್ಬರದ ಯಂತ್ರ ಮಾರುವವರ ಗೆಳೆಯರು ಸದಸ್ಯರಾಗಿ ಬಂದು ಅದೇ ಯಂತ್ರ ಕೊಳ್ಳಲು ಸಲಹೆ ಕೊಡುವುದೂ ಉಂಟು. ಇದಕ್ಕೆಲ್ಲ ಸಮಿತಿ ಮುಚ್ಚುವುದು ಮದ್ದಲ್ಲ. ಕಸದ ವ್ಯಾಪಾರದಲ್ಲಿ ಲಾಭ ಇರುವವರು ಅದನ್ನು ಮೊದಲೇ ಬರೆದು ಕೊಟ್ಟು, ಆ ವಿಷಯ ಬಂದಾಗ ಹೊರಗೆ ಹೋಗಬೇಕು. ಸದಸ್ಯತ್ವಕ್ಕೆ ಅವಧಿ ಇರಬೇಕು. ಬೇಡ ಎನ್ನುವವರು ಹಾಗಾದರೆ ಎಲ್ಲಿ, ಹೇಗೆ ಎಂಬುದನ್ನೂ ಬರೆದು ಕೊಡಬೇಕು. ನಾನು ಸಮಿತಿಗೆ ತಡೆಯುವ ಅಧಿಕಾರ ಕೇಳದಿರುವುದು ಇದಕ್ಕೇ. ತಡೆಯುವ ಅಧಿಕಾರ ಕೊಟ್ಟ ದಿನ ಅಲ್ಲಿಗೆ ಬರುವವರೇ ಬೇರೆ ಆಗಿಬಿಡುತ್ತಾರೆ.

ನಿಧಾನದ ಬಗ್ಗೆ ಮಾತ್ರ ಒಂದು ಮಾತು. ಆರು ತಿಂಗಳು ಮೊದಲೇ ಕೂತು ಮಾತಾಡುವುದು ನಿಧಾನವೋ, ಘಟಕ ಕಟ್ಟಿ, ಜನರ ಗಲಾಟೆಯಿಂದ ಅದಕ್ಕೆ ಬೀಗ ಹಾಕಿ, ಕೋರ್ಟಿಗೆ ಅಲೆಯುವುದು ನಿಧಾನವೋ? ಹಣಕಾಸಿನ ಲೆಕ್ಕದಲ್ಲೇ ನೋಡಲಿ.

ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಜಾಗ ಇಲ್ಲ ಎನ್ನುವಂತಿಲ್ಲ. 1992ರಲ್ಲಿ ಸಂವಿಧಾನಕ್ಕೆ ಮಾಡಿದ 74ನೇ ತಿದ್ದುಪಡಿಯಲ್ಲಿ ಘನತ್ಯಾಜ್ಯ ನಿರ್ವಹಣೆ ನಗರ ಸಂಸ್ಥೆಗಳ ಕೆಲಸಗಳ ಪಟ್ಟಿಗೆ ಸೇರಿತು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು ಎಂದು 243ಎಸ್ ವಿಧಿ ಹೇಳುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ರಾಜ್ಯ ಮಟ್ಟದಲ್ಲಿ ಒಂದು ಸಲಹಾ ಮಂಡಳಿ ಮಾಡಿ, ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು ಎಂದವು. ಕಸ ಆಯುವವರ ಪರ ಕೆಲಸ ಮಾಡುವ ಸಂಸ್ಥೆಗಳಿಗೂ ಅದರಲ್ಲಿ ಜಾಗ ಇಟ್ಟವು. ಒಳ್ಳೆಯದೇ. ಆದರೆ ರಾಜಧಾನಿಯಲ್ಲಿ ವರ್ಷಕ್ಕೆ ಎರಡು ಸಲ ಸೇರುವ ಮಂಡಳಿಗೆ ಓಣಿಯ ಗಾಡಿ ಬಾರದ್ದು ತಿಳಿಯುವುದಿಲ್ಲ. ಅದು ತಿಳಿಯುವುದು ವಾರ್ಡ್ ಮಟ್ಟದಲ್ಲಿ. ಆ ಮಟ್ಟದ ಸಮಿತಿಯ ಸಲಹೆಗೆ ಇಷ್ಟು ದಿನದಲ್ಲಿ ಉತ್ತರ ಕೊಡಲೇಬೇಕು ಎಂಬ ಒಂದು ಸಾಲು ನಿಯಮಗಳಲ್ಲಿ ಸೇರಬೇಕು. ಅದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಕಾನೂನು ಬರುವ ತನಕ ಕಾಯಬೇಕು ಎಂದೂ ಇಲ್ಲ, ಮನಸ್ಸಿರುವ ಯಾವ ಆಯುಕ್ತರೂ ಒಂದು ಸುತ್ತೋಲೆಯಲ್ಲಿ ಇದನ್ನು ನಾಳೆಯೇ ಶುರುಮಾಡಬಹುದು.

ಮೂವತ್ತು ದಿನ ಸಾಕು ಎಂದು ನನ್ನ ಲೆಕ್ಕ. ಗಾಡಿಯ ಸಮಯ ಬದಲಿಸಿ ಎಂಬ ಸಲಹೆಗೆ ಇನ್ನೂ ಕಡಿಮೆ ಸಾಕು. ಹೊಸ ಘಟಕದ ವಿಷಯಕ್ಕೆ ಇನ್ನೂ ಬೇಕಾಗಬಹುದು, ಆಗ ಎಷ್ಟು ದಿನ ಬೇಕು ಎಂದೇ ಬರೆದು ತಿಳಿಸಲಿ. ಉತ್ತರದಲ್ಲಿ "ಪರಿಶೀಲನೆಯಲ್ಲಿದೆ" ಎಂಬ ಪದ ಇರಕೂಡದು. ಅದೊಂದು ಪದವನ್ನು ನಿಷೇಧಿಸಿದರೆ ಅರ್ಧ ಕಡತಗಳು ತಾವಾಗಿಯೇ ಚಲಿಸುತ್ತವೆ ಎಂಬುದು ನನ್ನ ಬಲವಾದ ಗುಮಾನಿ.

ಸಮಿತಿಗೆ ಒಬ್ಬ ಕಾರ್ಯದರ್ಶಿ ಬೇಕು, ಸಭೆ ಕರೆಯುವುದು ಅಧ್ಯಕ್ಷರ ಬಿಡುವಿಗೆ ಕಾಯಬಾರದು, ತಿಂಗಳಲ್ಲಿ ಇಂಥ ವಾರ ಇಂಥ ಹೊತ್ತು ಎಂದು ಗೊತ್ತಾಗಿರಬೇಕು. ಸಭೆ ಸಂಜೆ ಇರಲಿ, ಯಾರು ಬೇಕಾದರೂ ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳುವಂತಿರಲಿ. ನಡಾವಳಿ ಆಡುವ ಭಾಷೆಯಲ್ಲಿ ಇರಲಿ.

ಕೊನೆಯದಾಗಿ ನಿಮ್ಮ ಪತ್ರಿಕೆಗೂ ಒಂದು ಕೋರಿಕೆ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಸಮಿತಿ ರಚನೆಯಾದ ದಿನ ನೀವು ಫೋಟೋ ಹಾಕುತ್ತೀರಿ, ಸದಸ್ಯರ ಹೆಸರನ್ನೂ ಹಾಕುತ್ತೀರಿ. ಆರು ತಿಂಗಳ ಮೇಲೆ ನಿಮ್ಮ ವರದಿಗಾರರನ್ನು ಮತ್ತೆ ಕಳಿಸಿ. ಸಮಿತಿ ಕೊಟ್ಟ ಸಲಹೆಗಳು ಒಂದು ಕಾಲಂನಲ್ಲಿ, ಅದಕ್ಕೆ ಆಡಳಿತ ಕೊಟ್ಟ ಉತ್ತರ ಎದುರಿನ ಕಾಲಂನಲ್ಲಿ, ಹೀಗೆ ಒಂದು ಪಟ್ಟಿ ಪ್ರಕಟಿಸಿ. ಎದುರಿನ ಕಾಲಂ ಖಾಲಿ ಇದ್ದರೆ ಖಾಲಿಯಾಗಿಯೇ ಅಚ್ಚು ಹಾಕಿ, ಅದಕ್ಕೆ ಜಾಹೀರಾತು ತುಂಬಿಸಬೇಡಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ